ಕಾಮಿಕ್ಸ್ ಪುಟಗಳಲ್ಲಿ ಕಂಡ ಅಮೆರಿಕದ ಅಧ್ಯಕ್ಷರು: ಚಿಕ್ಕಪ್ಪನವರಿಗೊಂದು ಪತ್ರ

ಕ್ವಿನ್ಸಿ, ಮ್ಯಾಸಚೂಸೆಟ್ಸ್
ಫೆಬ್ರವರಿ, ಸೋಮವಾರ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನೀವೂ ಚಿಕ್ಕಮ್ಮನವರೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ.

ಕಳೆದ ವಾರ ವಿಡಿಯೊ ಕರೆಯಲ್ಲಿ ಮಾತನಾಡುವಾಗ, ಪುಟ್ಟಿಯ ಕೋಣೆಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿರುವ ಕಾಮಿಕ್ಸ್ ಪುಸ್ತಕ ನಿಮ್ಮ ಕಣ್ಣಿಗೆ ಬಿತ್ತು. ಅದರ ಮುಖಪುಟದಲ್ಲಿ ಬರಾಕ್ ಒಬಾಮ ಹೆಬ್ಬೆರಳೆತ್ತಿ ನಗುತ್ತಿದ್ದಾರೆ. ಹಿಂದೆ ಸ್ಪೈಡರ್‌ಮ್ಯಾನ್ ಕ್ಯಾಮೆರಾ ಹಿಡಿದು ತಲೆಕೆಳಗಾಗಿ ನೇತಾಡುತ್ತಿದ್ದಾನೆ. "ದೇಶದ ಅಧ್ಯಕ್ಷರನ್ನು ಹೀಗೆ ಬರೆಯಲು ಇವರಿಗೆ ಅಪ್ಪಣೆ ಕೊಟ್ಟವರು ಯಾರಪ್ಪಾ?" ಎಂದು ನೀವು ಕೇಳಿದಿರಿ. ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಇಂದು ಇಲ್ಲಿ ಅಧ್ಯಕ್ಷರ ದಿನದ ರಜೆಯಾದ್ದರಿಂದ ನಿಧಾನವಾಗಿ ಉತ್ತರ ಬರೆಯೋಣವೆಂದು ಕುಳಿತಿದ್ದೇನೆ.

ಇಲ್ಲಿ ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಒಬಾಮ ಅಧಿಕಾರ ವಹಿಸಿಕೊಳ್ಳುವುದಕ್ಕೆ ಕೆಲವೇ ದಿನ ಮುಂಚೆ, 2009ರ ಜನವರಿ 14ರಂದು ಆ ಸಂಚಿಕೆ ಅಂಗಡಿಗೆ ಬಂದಿತು. ಅವರು ಬಾಲ್ಯದಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಕೂಡಿಡುತ್ತಿದ್ದರೆಂಬ ಸುದ್ದಿ ಆಗಲೇ ಎಲ್ಲೆಡೆ ಹರಡಿತ್ತು. ಪ್ರಕಾಶಕರು ಅಂಥ ಅವಕಾಶವನ್ನು ಬಿಡುತ್ತಾರೆಯೇ? ಪ್ರಮಾಣವಚನದ ವೇದಿಕೆಗೆ ವೇಷಧಾರಿ ಖಳನೊಬ್ಬ ಇನ್ನೊಬ್ಬ ಒಬಾಮನಾಗಿ ಬರುತ್ತಾನೆ. ಅಸಲಿ ಯಾರೆಂಬುದನ್ನು ಸ್ಪೈಡರ್‌ಮ್ಯಾನ್ ಬಾಸ್ಕೆಟ್‌ಬಾಲ್ ಕುರಿತ ಪ್ರಶ್ನೆಯೊಂದನ್ನು ಕೇಳಿ ಪತ್ತೆ ಹಚ್ಚುತ್ತಾನೆ. ಕಥೆ ಐದೇ ಪುಟ. ಜನ ಸಾಲುಗಟ್ಟಿ ಕೊಂಡರು, ಮರುಮುದ್ರಣಗಳು ಮೇಲಿಂದ ಮೇಲೆ ಬಂದವು. ನಾನೂ ಕೊಂಡವನೇ, ಆದರೂ ನಿಜ ಹೇಳಬೇಕೆಂದರೆ ಅದರಲ್ಲಿ ಮುಖಪುಟವನ್ನು ಬಿಟ್ಟರೆ ಹುರುಳಿಲ್ಲ. ಅಧ್ಯಕ್ಷರನ್ನು ಹೊಗಳಲು ಬರೆದ ಕಾಮಿಕ್ಸ್‌ಗಳು ಸಾಮಾನ್ಯವಾಗಿ ಸಪ್ಪೆಯಾಗಿಯೇ ಇರುತ್ತವೆ.

ಬೇಸಗೆ ರಜೆಗೆ ನಾನು ಚಾಮರಾಜಪೇಟೆಯ ನಿಮ್ಮ ಮನೆಗೆ ಬಂದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಗುಡ್ಡೆಯಿಂದ ಆರಿಸಿಕೊಂಡ, ರಕ್ಷಾಪುಟ ಹರಿದುಹೋಗಿದ್ದ ಆ ಇಂಗ್ಲಿಷ್ ಕಾಮಿಕ್ಸ್ ನಿಮಗೆ ನೆನಪಿರಬಹುದು. ಅಲ್ಲಿಯವರೆಗೆ ಚಿತ್ರಕಥೆಗಳಲ್ಲಿ ನಾನು ಕಂಡಿದ್ದ ಅಧ್ಯಕ್ಷರೆಂದರೆ, ನೀವು ತಂದುಕೊಡುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನ ಗೆಳೆಯರಾದ ಡಾಕ್ಟರ್ ಲುವಾಗಾ ಒಬ್ಬರೇ. ಅವರು ಕಲ್ಪನೆಯ ದೇಶದ ಕಲ್ಪನೆಯ ಅಧ್ಯಕ್ಷರು, ಸಜ್ಜನರು. ಈ ಪುಸ್ತಕದಲ್ಲಾದರೋ ದಿನಪತ್ರಿಕೆಯಲ್ಲಿ ದಿನವೂ ನೋಡಿದ್ದ ರೊನಾಲ್ಡ್ ರೇಗನ್ ಅವರ ಮೈಯೆಲ್ಲ ಹುರುಪೆಗಟ್ಟಿ, ಬಾಯಲ್ಲಿ ಹಾವಿನ ಹಲ್ಲು ಮೂಡಿ, ಶ್ವೇತಭವನದೊಳಗೇ ನಾಯಕನ ಮೇಲೆ ಎರಗುತ್ತಿದ್ದರು. ಕಪ್ಪು ಉಡುಪಿನ ಆ ನಾಯಕ ಯಾರೆಂಬುದೂ ನನಗೆ ತಿಳಿಯಲಿಲ್ಲ. ನೀವು ಕನ್ನಡಕ ಏರಿಸಿ ಎರಡು ಪುಟ ತಿರುವಿ, "ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಪ್ರೆಸ್ಸಿಗೆ ಬೀಗ ಬೀಳುತ್ತಿತ್ತು" ಎಂದಿದ್ದಿರಿ.

ಅದು 1988ರ ಆಗಸ್ಟ್ ತಿಂಗಳ ಕ್ಯಾಪ್ಟನ್ ಅಮೆರಿಕ, 344ನೆಯ ಸಂಚಿಕೆಯೆಂಬುದು ಇಲ್ಲಿಗೆ ಬಂದಮೇಲೆ ತಿಳಿಯಿತು. ವೈಪರ್ ಎಂಬ ಖಳನಾಯಕಿ ರಾಜಧಾನಿಯ ಕುಡಿಯುವ ನೀರಿಗೆ ಮದ್ದು ಬೆರೆಸುತ್ತಾಳೆ, ಕುಡಿದವರೆಲ್ಲ ಹಾವಿನ ರೂಪ ತಾಳುತ್ತಾರೆ. ಕೊನೆಗೆ ರೇಗನ್ ಮೊದಲಿನಂತಾಗುತ್ತಾರೆ. ಕಪ್ಪು ಉಡುಪಿನವನು ಕ್ಯಾಪ್ಟನ್ ಅಮೆರಿಕನೇ. ಸರ್ಕಾರ ಹೇಳಿದ್ದನ್ನು ಕೇಳಿಕೊಂಡು ದುಡಿಯಬೇಕೆಂಬ ಆಜ್ಞೆ ಬಂದಾಗ ಅವನು ತನ್ನ ಕೆಂಪು, ಬಿಳಿ, ನೀಲಿ ಉಡುಪನ್ನೂ ಗುರಾಣಿಯನ್ನೂ ಒಪ್ಪಿಸಿ ಹೊರನಡೆದಿದ್ದ. ರೇಗನ್ ಆಗ ಅಧಿಕಾರದಲ್ಲಿದ್ದವರೇ. ಆದರೂ ಯಾವ ಪ್ರೆಸ್ಸಿಗೂ ಬೀಗ ಬೀಳಲಿಲ್ಲ.

ಇನ್ನು ಕೆನಡಿಯವರ ವಿಷಯ. ನಮ್ಮ ಮನೆಯಿಂದ ರೆಡ್ ಲೈನ್ ರೈಲಿನಲ್ಲಿ ನಾಲ್ಕಾರು ನಿಲ್ದಾಣ ಹೋದರೆ ಸಮುದ್ರದಂಚಿನಲ್ಲಿ ಅವರ ಹೆಸರಿನ ಗ್ರಂಥಾಲಯವಿದೆ. ಕ್ವಿನ್ಸಿಯೂ ಇಬ್ಬರು ಅಧ್ಯಕ್ಷರು ಹುಟ್ಟಿದ ಊರು, ಜಾನ್ ಆಡಮ್ಸ್ ಮತ್ತು ಅವರ ಮಗ. ಆದರೆ ಈ ಭಾಗದ ಹಳಬರ ಬಾಯಲ್ಲಿ ಅಧ್ಯಕ್ಷರೆಂದರೆ ಕೆನಡಿ ಒಬ್ಬರೇ. ನನ್ನ ಕಚೇರಿಯಲ್ಲಿದ್ದು ಈಗ ನಿವೃತ್ತರಾಗಿರುವ ಹಿರಿಯರೊಬ್ಬರು ಐರಿಷ್ ಕ್ಯಾಥೊಲಿಕ್ ಮನೆತನದವರು. ಅವರ ಅಡುಗೆಮನೆಯ ಗೋಡೆಯಲ್ಲಿ ಪೋಪ್ ಅವರ ಪಟದ ಪಕ್ಕದಲ್ಲೇ ಕೆನಡಿಯ ಪಟವಿತ್ತಂತೆ. ಸೂಪರ್‌ಮ್ಯಾನ್ ಎಂದರೆ ಅವರಿಗೆ ಇಂದಿಗೂ ಪ್ರಾಣ.

ಕೆನಡಿಯವರ ಹತ್ಯೆಯಾದದ್ದು 1963ರ ನವೆಂಬರ್ 22ರಂದು. ಅದೇ ಡಿಸೆಂಬರ್‌ನ ಕೊನೆಯ ವಾರದಲ್ಲಿ, 1964ರ ಫೆಬ್ರವರಿಯ ಸಂಚಿಕೆಯೆಂಬ ಮುದ್ರೆ ಹೊತ್ತು, ಆ್ಯಕ್ಷನ್ ಕಾಮಿಕ್ಸ್‌ನ 309ನೆಯ ಸಂಚಿಕೆ ಅಂಗಡಿಗಳಿಗೆ ಬಂದಿತು. ಇಲ್ಲಿನ ಕಾಮಿಕ್ಸ್ ತಿಂಗಳುಗಳ ಮುಂಚೆಯೇ ಸಿದ್ಧವಾಗುವುದರಿಂದ ಅದನ್ನು ತಡೆಯಲು ಸಮಯವಿರಲಿಲ್ಲ. ಅದರ ಕಥೆಯಲ್ಲಿ ಸೂಪರ್‌ಮ್ಯಾನ್‌ಗೆ ಟಿವಿಯಲ್ಲಿ ಸನ್ಮಾನ. ಅಲ್ಲಿ ಅವನೂ ಇರಬೇಕು, ಅವನೇ ವೇಷ ಮರೆಸಿಕೊಂಡು ಬದುಕುವ ಪತ್ರಕರ್ತ ಕ್ಲಾರ್ಕ್ ಕೆಂಟ್ ಕೂಡ ಇರಬೇಕು. ಇಲ್ಲವಾದರೆ ಗುಟ್ಟು ರಟ್ಟಾಗುತ್ತದೆ. ಕೊನೆಗೆ ಕ್ಲಾರ್ಕ್ ಕೆಂಟ್ ಆಗಿ ಬಂದು ಕೈಕುಲುಕಿದವರು ಯಾರೆಂದು ಕಡೆಯ ಚೌಕದಲ್ಲಿ ತಿಳಿಯುತ್ತದೆ: ಮುಖವಾಡ ತೆಗೆದರೆ ಒಳಗೆ ಅಧ್ಯಕ್ಷ ಕೆನಡಿ. ದೇಶದ ಅಧ್ಯಕ್ಷರನ್ನೇ ನಂಬದಿದ್ದರೆ ಇನ್ನಾರನ್ನು ನಂಬಲಿ ಎಂಬರ್ಥದ ಮಾತನ್ನು ಸೂಪರ್‌ಮ್ಯಾನ್ ಆಡುತ್ತಾನೆ.

ಆ ಹಿರಿಯರಿಗೆ ಆಗ ಏಳು ವರ್ಷ. ಔಷಧದ ಅಂಗಡಿಯ ತಿರುಗುವ ತಂತಿಸ್ಟ್ಯಾಂಡಿನಿಂದ ಹನ್ನೆರಡು ಸೆಂಟು ಕೊಟ್ಟು ತಂದು, ಮನೆಯ ಮೆಟ್ಟಿಲ ಮೇಲೆ ಕುಳಿತು ಓದಿದರಂತೆ. ಓದಿ ಮುಗಿಸಿದಾಗ ಅವರಿಗೆ ಎಲ್ಲವೂ ಸ್ಪಷ್ಟವಾಯಿತು: ಅಧ್ಯಕ್ಷರು ಬೇರೊಬ್ಬರ ಮುಖ ಧರಿಸಬಲ್ಲರಾದರೆ, ಡಲ್ಲಾಸ್‌ನಲ್ಲಿ ಗುಂಡೇಟು ತಿಂದವನು ಅವರ ಮುಖ ಧರಿಸಿದ್ದ ಬೇರೊಬ್ಬನಿರಬೇಕು. ಓಡಿಹೋಗಿ ತಾಯಿಗೆ ಪುಟ ತೋರಿಸಿ ಅದನ್ನೇ ಹೇಳಿದರು. ಆಕೆ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಪುಸ್ತಕವನ್ನು ಪೂರ್ತಿ ಓದಿದರು, ಬಯ್ಯಲಿಲ್ಲ, ಮರಳಿ ಕೊಡಲೂ ಇಲ್ಲ. ತಾಯಿ ತೀರಿಕೊಂಡ ಮೇಲೆ ಆಕೆಯ ಬೈಬಲ್ ಮತ್ತು ವಿಮೆಯ ಕಾಗದಗಳ ಜೊತೆ ಅದು ಸಿಕ್ಕಿತಂತೆ. ನನಗೆ ತೋರಿಸುವಾಗ ಪ್ಲಾಸ್ಟಿಕ್ ಲಕೋಟೆಯಿಂದ ಹೊರಗೆ ತೆಗೆಯಲಿಲ್ಲ. ಬೆನ್ನಿನ ಎರಡೂ ಪಿನ್ನುಗಳು ತುಕ್ಕು ಹಿಡಿದು, ಕಾಗದಕ್ಕೆ ಕಂದು ಕಲೆ ಇಳಿದಿತ್ತು.

ನೀವು ಕೇಳಿದ ಅಪ್ಪಣೆಯ ಮಾತು ನಿಜವಾಗಿ ಎದ್ದದ್ದು ಇದರ ನಂತರದ ಕಥೆಯಲ್ಲಿ. ಮಕ್ಕಳು ಟಿವಿಯ ಮುಂದೆ ಕುಳಿತು ಮೆತ್ತಗಾಗುತ್ತಿದ್ದಾರೆಂಬುದು ಕೆನಡಿಯವರ ದೊಡ್ಡ ಚಿಂತೆಯಾಗಿತ್ತು. ದೇಶದ ಜನರನ್ನು ವ್ಯಾಯಾಮಕ್ಕೆ ಹುರಿದುಂಬಿಸಲು ಅವರು ಸೂಪರ್‌ಮ್ಯಾನ್‌ನ ನೆರವು ಕೇಳುವ ಕಥೆಯೊಂದು ಶ್ವೇತಭವನದ ಸಹಕಾರದಿಂದಲೇ ಸಿದ್ಧವಾಗುತ್ತಿತ್ತು. ಹತ್ಯೆಯ ನಂತರ ಪ್ರಕಾಶಕರು ಅದನ್ನು ತಡೆಹಿಡಿದರು. ಆಮೇಲೆ ಕೆನಡಿಯವರ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರ ಕಡೆಯಿಂದ ಪ್ರಕಟಿಸಬಹುದೆಂಬ ಮಾತು ಬಂದು, 1964ರ ಜುಲೈ ಸಂಚಿಕೆಯಾದ ಸೂಪರ್‌ಮ್ಯಾನ್ 170ರಲ್ಲಿ ಅಚ್ಚಾಯಿತು. ಅದರ ಮೊದಲ ಪುಟದಲ್ಲಿ ಇಲ್ಲಿನ ಸಂಸತ್ ಭವನವಾದ ಕ್ಯಾಪಿಟಲ್‌ನ ಗೋಪುರದ ಮೇಲಿನ ಆಕಾಶದಲ್ಲಿ ಕೆನಡಿಯವರ ನಸುಬಣ್ಣದ ಆಕೃತಿಯಿದೆ. ಚಿತ್ರಕಾರ ಆಲ್ ಪ್ಲಾಸ್ಟಿನೊ. ಮೂಲಚಿತ್ರಗಳನ್ನು ಕೆನಡಿ ಗ್ರಂಥಾಲಯಕ್ಕೆ ಕೊಡಲಾಗುವುದೆಂದು ಆ ಸಂಚಿಕೆಯಲ್ಲೇ ಅಚ್ಚು ಹಾಕಿದ್ದರು. ಪ್ಲಾಸ್ಟಿನೊ ಕೂಡ ಅವು ಅಲ್ಲಿಯೇ ಇವೆಯೆಂದು ನಂಬಿಕೊಂಡಿದ್ದರು. 2013ರಲ್ಲಿ ಅವು ಹರಾಜಿಗೆ ಬಂದಿವೆಯೆಂದು ತಿಳಿದಾಗ ಆ ವೃದ್ಧರಿಗೆ ಎಷ್ಟು ನೋವಾಗಿರಬೇಕು, ಯೋಚಿಸಿ. ಅವರು ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಡಿಸೆಂಬರ್‌ನಲ್ಲಿ ಸೂಪರ್‌ಮ್ಯಾನ್‌ನ ಪ್ರಕಾಶಕರಾದ ಡಿಸಿ ಸಂಸ್ಥೆಯೇ ಚಿತ್ರಗಳನ್ನು ಕೊಂಡು ಗ್ರಂಥಾಲಯಕ್ಕೆ ಒಪ್ಪಿಸಿತು. ಕೊಟ್ಟ ಮಾತು ನಡೆಯಲು ಸುಮಾರು ಐವತ್ತು ವರ್ಷ ಹಿಡಿಯಿತು.

ಹೀಗೆ ಮುಖವಾಡದ ಹಿಂದೆ ಅಧ್ಯಕ್ಷರ ನಗುಮುಖವನ್ನು ತೋರಿಸಿ ಮಕ್ಕಳಿಗೆ ಧೈರ್ಯ ಹೇಳಿದ ಇದೇ ಕಾಮಿಕ್ಸ್ ಲೋಕ, ಹತ್ತು ವರ್ಷ ಕಳೆದ ಮೇಲೆ ಅದೇ ಮುಖವಾಡವನ್ನು ಇನ್ನೊಂದು ರೀತಿಯಲ್ಲಿ ಕಿತ್ತಿತು. ಅಧ್ಯಕ್ಷ ನಿಕ್ಸನ್ ಅವರನ್ನು ಸುತ್ತಿಕೊಂಡ ವಾಟರ್‌ಗೇಟ್ ಹಗರಣ ಕುದಿಯುತ್ತಿದ್ದಾಗ ಕ್ಯಾಪ್ಟನ್ ಅಮೆರಿಕದಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಬರೆದ, ಸಾಲ್ ಬುಸೆಮಾ ಚಿತ್ರಿಸಿದ ಕಥೆಯೊಂದು ತಿಂಗಳುಗಟ್ಟಲೆ ನಡೆಯಿತು. ದೇಶವನ್ನು ಒಳಗಿನಿಂದ ಕಬಳಿಸಲು ಹೊರಟ ರಹಸ್ಯ ಕೂಟವೊಂದರ ಮುಸುಕುಧಾರಿ ಮುಖ್ಯಸ್ಥನನ್ನು ನಾಯಕ ಅಟ್ಟಿಸಿಕೊಂಡು ಹೋಗುತ್ತಾನೆ. ಅವನು ಶ್ವೇತಭವನದೊಳಕ್ಕೇ ಓಡುತ್ತಾನೆ. ಮುಸುಕು ಎಳೆದಾಗ ನಮಗೆ ಕಾಣುವುದು ನಾಯಕನ ಬೆರಗುಬಡಿದ ಮುಖ ಮಾತ್ರ. ಎಷ್ಟು ದೊಡ್ಡ ಹುದ್ದೆ ಸಿಕ್ಕರೂ ಕಾನೂನಿನ ಕಟ್ಟು ತಪ್ಪಲಿಲ್ಲವೆಂದು ಗೊಣಗಿ, ಮುಸುಕು ಕಳೆದುಕೊಂಡ ಆ ಮನುಷ್ಯ ಗುಂಡು ಹಾರಿಸಿಕೊಂಡು ಸಾಯುತ್ತಾನೆ. 1974ರ ಜುಲೈ ತಾರೀಖಿನ 175ನೆಯ ಸಂಚಿಕೆಯಿದು. ನಿಕ್ಸನ್ ರಾಜೀನಾಮೆ ಕೊಟ್ಟದ್ದು ಆಗಸ್ಟ್ 9ಕ್ಕೆ. ಆ ಮನುಷ್ಯ ನಿಕ್ಸನ್ನರೇ ಎಂದು ಎಂಗಲ್‌ಹಾರ್ಟ್ ಆಮೇಲೆ ಹೇಳಿದ್ದಾರೆ, ಆದರೆ ಪುಟದಲ್ಲಿ ಮುಖವೂ ಇಲ್ಲ, ಹೆಸರೂ ಇಲ್ಲ. ಅಧ್ಯಕ್ಷರ ಬಗ್ಗೆ ನಾನು ಓದಿದ ಕಾಮಿಕ್ಸ್‌ಗಳಲ್ಲೆಲ್ಲ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ರೇಗನ್‌ಗೆ ಹಾವಿನ ಹಲ್ಲು ಬರೆದದ್ದು ಬರಿಯ ಗೇಲಿ. ಇಲ್ಲಿ ಬರೆಯದೆ ಬಿಟ್ಟ ಮುಖ ಓದುಗನ ಬೆನ್ನುಹುರಿಗೇ ಇಳಿಯುತ್ತದೆ. ನಾಯಕ ನಂಬಿಕೆ ಕಳೆದುಕೊಂಡು ಉಡುಪನ್ನು ಕಳಚಿ, ನೊಮ್ಯಾಡ್ ಎಂಬ ಬೇರೆ ಹೆಸರಿನಲ್ಲಿ ಕೆಲಕಾಲ ಅಲೆಯುತ್ತಾನೆ.

1941ರಲ್ಲಿ ಇದೇ ಕ್ಯಾಪ್ಟನ್ ಅಮೆರಿಕದ ಮೊಟ್ಟಮೊದಲ ಸಂಚಿಕೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಸೇನಾಧಿಕಾರಿಗಳೆದುರು ಕಾಮಿಕ್ಸ್ ಪಾತ್ರಗಳ ಬಗ್ಗೆಯೇ ಹಾಸ್ಯವಾಡಿದ್ದರು. ಅಲ್ಲಿಂದ ಈ ನಿಕ್ಸನ್ ಕಥೆಗೆ ಮೂವತ್ತಮೂರೇ ವರ್ಷ.

2000ದ ಚುನಾವಣೆಯ ಹೊತ್ತಿಗೆ ಡಿಸಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೂಪರ್‌ಮ್ಯಾನ್‌ನ ಬದ್ಧವೈರಿಯಾದ ಉದ್ಯಮಿ ಲೆಕ್ಸ್ ಲೂಥರ್‌ನನ್ನೇ ಮತ ಹಾಕಿಸಿ ಅಧ್ಯಕ್ಷನನ್ನಾಗಿಸಿದರು. ಜನರೇ ಆರಿಸಿದವನ ಮೇಲೆ ಸೂಪರ್‌ಮ್ಯಾನ್ ಕೈಯೆತ್ತುವಂತಿಲ್ಲ ಎಂಬುದೇ ಅದರ ಸ್ವಾರಸ್ಯ. ಕ್ಯಾಪ್ಟನ್ ಅಮೆರಿಕನಿಗೂ ಒಮ್ಮೆ, 1980ರ ಚುನಾವಣೆಯ ಸಮಯದಲ್ಲಿ, ಅಭ್ಯರ್ಥಿಯಾಗೆಂದು ಪಕ್ಷವೊಂದು ದುಂಬಾಲು ಬೀಳುತ್ತದೆ. ಅಧ್ಯಕ್ಷನಾದವನು ಇದ್ದುದರಲ್ಲಿ ರಾಜಿ ಮಾಡಿಕೊಂಡು ನಡೆಯಬೇಕು, ತನ್ನ ನಿಷ್ಠೆಯಾದರೋ ದೇಶ ಕಂಡ ಕನಸಿಗೆ ಎಂದು ಹೇಳಿ ಅವನು ಒಲ್ಲೆನೆನ್ನುತ್ತಾನೆ. ಪುಟ್ಟಿಗೆ ಈ ಉತ್ತರ ಸ್ವಲ್ಪವೂ ಹಿಡಿಸಲಿಲ್ಲ. ಒಳ್ಳೆಯವರೆಲ್ಲ ಹೀಗೆ ಒಲ್ಲೆನೆಂದರೆ ಕುರ್ಚಿ ಲೂಥರ್‌ಗೇ ಹೋಗುತ್ತದೆಯಲ್ಲ ಎಂದು ಅವಳ ವಾದ. ಮುಂದಿನ ಸಲ ಕರೆ ಮಾಡಿದಾಗ ಅವಳು ನಿಮ್ಮೊಡನೆಯೂ ಇದನ್ನೇ ವಾದಿಸುವವಳಿದ್ದಾಳೆ, ಸಿದ್ಧರಾಗಿರಿ.

ನಿಕ್ಸನ್ ಕಥೆಯ ಮರುಮುದ್ರಣವನ್ನು ಯುಗಾದಿಗೆ ಊರಿಗೆ ಬರಲಿರುವ ಸ್ನೇಹಿತರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅದು ಅಚ್ಚಾದ ಮರುವರ್ಷವೇ ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳು ಸೆನ್ಸಾರ್‌ಗೆ ಒಳಗಾದದ್ದನ್ನು ಕಣ್ಣಾರೆ ಕಂಡವರು ನೀವು. ಆ ಮುಖವಿಲ್ಲದ ಪುಟವನ್ನು ನೋಡಿ ನಿಮಗೇನನ್ನಿಸಿತೆಂದು ಬರೆಯಬೇಕು. ಅಕ್ಷರ ಬಹಳ ಸಣ್ಣದು, ಆದ್ದರಿಂದ ರಾತ್ರಿ ದೀಪದಲ್ಲಿ ಓದಬೇಡಿ. ಸಂಚಿಕೆಗಳ ನಡುವೆ ಚಿಕ್ಕಮ್ಮನವರ ಮೊಣಕಾಲಿನ ಪಟ್ಟಿಯನ್ನೂ ಇಟ್ಟಿದ್ದೇನೆ, ಮರೆಯದೆ ತೆಗೆದುಕೊಳ್ಳಿ.

ಚಿಕ್ಕಮ್ಮನವರಿಗೆ ನನ್ನ ನಮಸ್ಕಾರಗಳು, ಮನೆಯ ಮಕ್ಕಳಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಆಶೀರ್ವಾದ ಬೇಡುವ
ನಿಮ್ಮ ಅಣ್ಣನ ಮಗ