ಮೈಕ್ರಾನ್ ಸಾಹೇಬರ ಮೂರು ವಾರ

ಬೆಂಗಳೂರು
ಜನವರಿಯ ಕೊನೆಯ ಭಾನುವಾರ

ಪ್ರಿಯ ಗೆಳೆಯಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೇಕೆ ಎಂದು ಕೇಳಬೇಡ, ನಿನ್ನ ಬರ್ಮಿಂಗ್‌ಹ್ಯಾಮ್ ಕಡೆಯವರೊಬ್ಬರನ್ನು ಇಲ್ಲಿ ಸಂಭಾಳಿಸುತ್ತಿದ್ದೆ.

ಪೀಣ್ಯದ ನಮ್ಮ ಕಾರ್ಖಾನೆಗೆ ಇಂಗ್ಲೆಂಡಿನಿಂದ ಒಂದು ಯಂತ್ರ ಬಂತು. ಅದನ್ನು ಕೂರಿಸಿ, ನಡೆಸಿ ತೋರಿಸಲು ಹಿಂದೆಯೇ ಒಬ್ಬ ಎಂಜಿನಿಯರ್ ಬಂದರು. ಮೂರು ವಾರದ ಕೆಲಸ, ಭಾರತಕ್ಕೆ ಅವರದು ಇದೇ ಮೊದಲ ಸಲ. ನನಗೆ ಇಂಗ್ಲಿಷ್ ಸರಾಗವಾಗಿ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ಮಾಲೀಕರು ಅವರನ್ನು ನನ್ನ ಕೈಗೆ ಒಪ್ಪಿಸಿದರು. ಐವತ್ತು ದಾಟಿದ ವಯಸ್ಸು, ಆರಡಿ ಎತ್ತರ, ಮಾತು ಕಡಿಮೆ. ಬಾಯಿ ತೆರೆದರೆ ಮಾತ್ರ ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಪಾಲು ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂಬುದೇ ಚಿಂತೆ. ಎರಡನೆಯ ದಿನಕ್ಕೇ ನಮ್ಮ ಹುಡುಗರು 'ಮೈಕ್ರಾನ್ ಸಾಹೇಬರು' ಎಂದು ನಾಮಕರಣ ಮಾಡಿಬಿಟ್ಟರು.

ನಾನು ಹೆದರಿದ್ದು ಖಾರಕ್ಕೆ, ನೀರಿಗೆ, ತುಮಕೂರು ರಸ್ತೆಯ ವಾಹನಗಳಿಗೆ. ಅವರು ಇವು ಯಾವುದಕ್ಕೂ ಅಂಜಲಿಲ್ಲ. ದರ್ಶಿನಿಯಲ್ಲಿ ನಿಂತೇ ಖಾರಾಬಾತ್ ತಿಂದರು. ಬಿಸಿ ಲೋಟವನ್ನು ಅಂಚಿನಲ್ಲಿ ಹಿಡಿಯುವುದನ್ನು ಪಕ್ಕದವರನ್ನು ನೋಡಿಯೇ ಕಲಿತರು. ರಸ್ತೆ ದಾಟುವಾಗ ಮಾತ್ರ ನಮ್ಮ ಹಿರಿಯ ಫಿಟ್ಟರ್ ಮೊಣಕೈ ಬಿಡುತ್ತಿರಲಿಲ್ಲ. ಅದು ನಾನೂ ಬಿಡುವುದಿಲ್ಲ.

ಅವರನ್ನು ಎಡವಿಸಿದ್ದು ಓಟಿಪಿ. ಭಾರತದ ಮೊಬೈಲ್ ಸಂಖ್ಯೆ ಇಲ್ಲದ ಮನುಷ್ಯ ನಮ್ಮಲ್ಲಿ ಅರ್ಧ ಮನುಷ್ಯ ಎಂಬುದು ನನಗೂ ಆಗಲೇ ತಿಳಿದದ್ದು. ಅವರ ಸಹೋದ್ಯೋಗಿಯೊಬ್ಬರು ಹಿಂದೊಮ್ಮೆ ಇಲ್ಲಿಗೆ ಬಂದಾಗ ಉಳಿದಿದ್ದ 500 ರೂಪಾಯಿಯ ಎರಡು ನೋಟುಗಳನ್ನು ಶುಭ ಹಾರೈಸಿ ಕೊಟ್ಟು ಕಳುಹಿಸಿದ್ದರಂತೆ. ಎಳನೀರಿನವನ ಮುಂದೆ ಹೆಮ್ಮೆಯಿಂದ ಹೊರತೆಗೆದರು. ಅವನು ತಿರುಗಿಸಿ ಮುರುಗಿಸಿ ನೋಡಿ, ಕೈಮುಗಿದು ಹಿಂದಿರುಗಿಸಿದ. 2016ರ ನವೆಂಬರ್ 8ರ ರಾತ್ರಿಯೇ ಪ್ರಾಣಬಿಟ್ಟ ನೋಟುಗಳು ಅವು. ಅದೇ ವರ್ಷ ಹುಟ್ಟಿದ ಯುಪಿಐಯಲ್ಲಿ, ಗಾಡಿಗೆ ನೇತುಹಾಕಿದ್ದ ರಟ್ಟಿನ ಚೌಕಕ್ಕೆ ಮೊಬೈಲ್ ತೋರಿಸಿ ನಾನು ಹಣ ಕೊಟ್ಟೆ. ಅಂದಿನಿಂದ ಎಳನೀರು, ಆಟೋ, ಕಾಫಿ ಎಲ್ಲಕ್ಕೂ ನನ್ನ ಮೊಬೈಲೇ. ಅವರು ಮಾತ್ರ ಪ್ರತಿಯೊಂದನ್ನೂ ಕಿಸೆಯ ಪುಸ್ತಕದಲ್ಲಿ ಬರೆದುಕೊಂಡು, ಕೊನೆಯ ದಿನ ಚಿಲ್ಲರೆ ಸಮೇತ ಲಕೋಟೆಯಲ್ಲಿ ಹಾಕಿ ಕೊಟ್ಟರು. ನನಗೆ ಸ್ವಲ್ಪ ಮುಖ ಸಪ್ಪಗಾಯಿತು, ಸುಳ್ಳೇಕೆ ಹೇಳಲಿ.

ಹೋಟೆಲಿನಲ್ಲಿ ಮೂರು ಗುಂಡು ಕಡ್ಡಿಯ ಪ್ಲಗ್ ಕಂಡು, "ಇದು ನಮ್ಮ ಅಜ್ಜಿಯ ಮನೆಯಲ್ಲಿತ್ತು!" ಎಂದು ಕೂಗಿಕೊಂಡರಂತೆ. ನಿಜವೇ. ಅದು ಅವರದೇ ಹಳೆಯ ನಮೂನೆ. ಚಪ್ಪಟೆ ಕಡ್ಡಿಯ ಹೊಸ ಮಾನಕವನ್ನು ಬ್ರಿಟನ್ ತಂದದ್ದು 1947ರಲ್ಲಿ. ಅದೇ ವರ್ಷ ನಾವು ಅವರನ್ನು ಕಳುಹಿಸಿಕೊಟ್ಟೆವು, ಪ್ಲಗ್ಗನ್ನು ಮಾತ್ರ ಇಟ್ಟುಕೊಂಡೆವು.

ಗಡಿಯಾರದ ಒಂದು ಚಮತ್ಕಾರವನ್ನೂ ಅವರೇ ಕಲಿಸಿದರು. ಮುಳ್ಳಿನ ಕೈಗಡಿಯಾರವನ್ನು ನಮ್ಮ ಸಮಯಕ್ಕೆ ತಿರುಗಿಸಿಕೊಂಡಿದ್ದರು. ಮನೆಗೆ ಫೋನ್ ಮಾಡಬೇಕೆನಿಸಿದಾಗ ಅದನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಚಳಿಗಾಲದಲ್ಲಿ ನಿಮಗೂ ನಮಗೂ ಐದೂವರೆ ಗಂಟೆಯ ಅಂತರವಲ್ಲವೇ, ಇಲ್ಲಿ ಮೂರು ಗಂಟೆಯಾದರೆ ತಲೆಕೆಳಗಾದ ಮುಳ್ಳುಗಳು ಹೆಚ್ಚುಕಡಿಮೆ ಒಂಬತ್ತೂವರೆ ತೋರಿಸುತ್ತವೆ. ನೀನು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು, ಇಷ್ಟು ಹೇಳಿಕೊಡಲಿಲ್ಲ.

ಅವರು ಉಳಿದಿದ್ದದ್ದು ಮಲ್ಲೇಶ್ವರದಲ್ಲಿ. ಕಾರು ಕಳುಹಿಸುತ್ತೇವೆಂದರೂ ಕೇಳದೆ, ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಬರುತ್ತಿದ್ದರು. ದಾರಿಯಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ಹೆಸರಿನ ನಿಲ್ದಾಣವಿದೆಯೆಂಬುದೇ ಅವರಿಗೆ ಪರಮ ಸಂತೋಷ. ದಿನಾ ಕೇಳಿ ಕೇಳಿ ಅವರ ಬಾಯಿಗೆ ಬಂದ ಮೊದಲ ಕನ್ನಡ 'ಮುಂದಿನ ನಿಲ್ದಾಣ'. ಅದನ್ನು ಎಲ್ಲೆಂದರಲ್ಲಿ ಬಳಸತೊಡಗಿದರು. ವೈರಿಂಗ್ ಮುಗಿದ ಮೇಲೆ ಕೈ ಒರೆಸಿಕೊಂಡು ಗಂಭೀರವಾಗಿ, "ಮುಂದಿನ ನಿಲ್ದಾಣ, ಸ್ಪಿಂಡಲ್" ಎನ್ನುವರು. ಹುಡುಗರು ಬಿದ್ದು ಬಿದ್ದು ನಗುವರು. ಈಗ ಅವರು ಹೋಗಿಯಾಗಿದೆ, ಆದರೂ ನಮ್ಮ ಶಾಪಿನಲ್ಲಿ ಒಂದು ಜಾಬ್ ಮುಗಿದರೆ 'ಮುಂದಿನ ನಿಲ್ದಾಣ' ಎಂದೇ ಕೂಗುತ್ತಾರೆ.

ಇಷ್ಟೆಲ್ಲ ಹಗುರವಾಗಿ ಬರೆಯುತ್ತಿದ್ದೇನೆ, ಆದರೆ ಮೊದಲ ವಾರ ನನಗೆ ನಿದ್ದೆ ಇರಲಿಲ್ಲ. ಕೇಳು.

ಯಂತ್ರ ಕೂರಿಸುವಾಗ ಮೊದಲು ಮಟ್ಟ ನೋಡಬೇಕು. ಸ್ಪಿರಿಟ್ ಲೆವೆಲ್ ಇಟ್ಟುಕೊಂಡು, ಬುಡದ ಬೋಲ್ಟುಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ, ಮೀಟರಿಗೆ 0.02 ಮಿಲಿಮೀಟರಿನ ಒಳಗೆ ತರಬೇಕು. ನಮ್ಮ ಹಿರಿಯ ಫಿಟ್ಟರ್ ಇದರಲ್ಲಿ ಪಳಗಿದ ಕೈ. ಸಾಹೇಬರು ಬಂದು, ಮಂಡಿಯೂರಿ, ಗುಳ್ಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆತ್ತಗೆ, "ಚೆನ್ನಾಗಿಯೇ ಇದೆ. ಈ ಮೂಲೆಯನ್ನು ಇನ್ನೊಮ್ಮೆ ನೋಡಬಹುದೇನೋ ಎಂದು ಯೋಚಿಸುತ್ತಿದ್ದೆ" ಎಂದರು. ನಾನು ಅಕ್ಷರ ಬಿಡದೆ ಕನ್ನಡಕ್ಕೆ ಇಳಿಸಿದೆ. ಫಿಟ್ಟರ್ ತಲೆಯನ್ನು ಅತ್ತಿತ್ತ ತೂಗಿ, "ನೋಡೋಣ ಸಾರ್" ಎಂದು ಊಟದ ಡಬ್ಬಿ ಎತ್ತಿಕೊಂಡು ಹೋದರು. ನಾನು ಅದನ್ನೂ ಅಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದೆ. ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು.

ಎರಡು ದಿನ ಆ ಮೂಲೆ ಹಾಗೆಯೇ ಇತ್ತು. ಸಾಹೇಬರ ಮುಖ ಬಿಗಿಯಿತು, ಫಿಟ್ಟರ್ ಮುಖ ಊದಿಕೊಂಡಿತು. ಮೂರನೆಯ ದಿನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದೆ. ಸಾಹೇಬರು, "ಅದನ್ನು ಮತ್ತೆ ಮಾಡಿ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ" ಎಂದರು. ಸ್ಪಷ್ಟವಾಗಿ! ಫಿಟ್ಟರ್, "ಆ ಮೂಲೆಯ ಗಾರೆ ಇನ್ನೂ ಹಸಿ, ಈಗ ಬೋಲ್ಟ್ ಮುಟ್ಟಿದರೆ ಕೆಳಗಿನದೇ ಅಲುಗುತ್ತದೆ. ಅದಕ್ಕೇ ಆಗುವುದಿಲ್ಲ ಎಂದು ಅವತ್ತೇ ಹೇಳಿದೆನಲ್ಲ" ಎಂದರು. ಹೇಳಿದ್ದು 'ನೋಡೋಣ'! ಇಬ್ಬರದೂ ಸರಿಯಾದ ಮಾತೇ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಡುವೆ ನಿಂತು ಇಬ್ಬರ ಮರ್ಯಾದೆಯ ಮಾತನ್ನು ನಿಷ್ಠೆಯಿಂದ ದಾಟಿಸಿ ಕೆಲಸ ಕೆಡಿಸಿದವನು ನಾನು.

ವಿದೇಶಿಯರಿಗೆ ನೇರ ಮಾತು, ನಮಗೆ ಸುತ್ತು ಮಾತು ಎಂದು ಎಲ್ಲರೂ ಹೇಳುವುದನ್ನು ನಂಬಿಕೊಂಡಿದ್ದೆ ನೋಡು. ಜರ್ಮನಿಯವರ ಸಂಗತಿ ನನಗೆ ತಿಳಿಯದು. ಇವರಂತೂ 'ಇಲ್ಲ' ಎನ್ನಲು ನಮಗಿಂತ ಹೆಚ್ಚು ಸಂಕೋಚಪಡುವ ಜನ. ನಾವು ತಲೆದೂಗಿ ತಪ್ಪಿಸಿಕೊಳ್ಳುತ್ತೇವೆ, ಅವರು ಹೊಗಳಿ ತಪ್ಪಿಸಿಕೊಳ್ಳುತ್ತಾರೆ. ಅಂದಿನಿಂದ ನಾನು ಮಾತನ್ನು ಬಿಟ್ಟು ಅರ್ಥವನ್ನು ಅನುವಾದಿಸತೊಡಗಿದೆ. ಅವರ 'ಪರವಾಗಿಲ್ಲ' ಎಂದರೆ ಚೆನ್ನಾಗಿದೆ. 'ಚೆನ್ನಾಗಿಯೇ ಇದೆ' ಎಂದರೆ ಸಾಲದು. 'ಕುತೂಹಲಕರವಾಗಿದೆ' ಎಂದರೆ ಕೈ ಮುಟ್ಟಬೇಡಿ, ಈಗಲೇ ನಿಲ್ಲಿಸಿ. ನಮ್ಮವರ 'ನೋಡೋಣ' ಎಂದರೆ ಆಗುವುದಿಲ್ಲ. 'ಆಗುತ್ತದೆ' ಎಂದರೆ ಗೊತ್ತಿಲ್ಲ. 'ಆಗೇ ಹೋಯಿತು' ಎಂದರೆ ಅರ್ಧ ಆಗಿದೆ. 'ಐದು ನಿಮಿಷ' ಎಂಬುದಕ್ಕೆ ಅರ್ಥವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಾಹೇಬರೂ ಜಾಣರು. ಎರಡನೆಯ ವಾರದಿಂದ "ಗುರುವಾರದೊಳಗೆ ಮುಗಿಯುತ್ತದೆಯೇ?" ಎಂದು ಕೇಳುವುದನ್ನು ಬಿಟ್ಟು, "ಏನೇನು ಬಾಕಿ ಇದೆ?" ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಯಾರೂ ತಲೆದೂಗಿ ಉತ್ತರಿಸಲಾಗುವುದಿಲ್ಲ.

ಆದರೂ ಒಂದು ಸಂಜೆ ಮೋಸಹೋದರು. ಶಿಫ್ಟ್ ಮುಗಿದಾಗ ಎಲೆಕ್ಟ್ರಿಷಿಯನ್ ಹುಡುಗ ನಮ್ಮ 'ಬರುತ್ತೇನೆ ಸಾರ್' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಹೊರಟುಹೋದ. ಬರುತ್ತೇನೆ ಎಂದವನಿಗಾಗಿ ಈ ಮಹಾನುಭಾವರು ಮುಕ್ಕಾಲು ಗಂಟೆ ಕಾದರು. ಹೋಗುವವನು ಬರುತ್ತೇನೆಂದು ಹೇಳುವುದೇಕೆ ಎಂದು ಮರುದಿನ ಕೇಳಿದರು. ಹೋಗುತ್ತೇನೆ ಎನ್ನುವುದು ಅಶುಭ ಎಂದೆ. ಬಹಳ ಕುತೂಹಲಕರವಾಗಿದೆ ಎಂದರು. ನಾನು ಎಚ್ಚರಗೊಂಡೆ.

ಸಂಕ್ರಾಂತಿಗೆ ಮನೆಗೆ ಕರೆದಿದ್ದೆ. ಅವರೆಕಾಯಿಯ ಕಾಲವಲ್ಲವೇ, ಅಮ್ಮ ಹಿಂದಿನ ರಾತ್ರಿಯೇ ಕಾಳು ನೆನೆಹಾಕಿ, ಬೆಳಿಗ್ಗೆ ಹಜಾರದಲ್ಲಿ ಹಿತಕುತ್ತಾ ಕುಳಿತಿದ್ದಳು. ಸಾಹೇಬರು ಎಳ್ಳುಬೆಲ್ಲ ತಿಂದವರೇ ಸೋಫಾ ಬಿಟ್ಟು ಅವಳೆದುರು ನೆಲದ ಮೇಲೆ ಕುಳಿತರು. ಆ ಉದ್ದದ ಕಾಲುಗಳನ್ನು ಮಡಿಸಲು ಪಟ್ಟ ಪಾಡು ಬೇರೆ. ಒಂದು ಕಾಳು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಬೇಳೆ ಚಿಮ್ಮಿ ಟಿವಿಗೆ ತಗುಲಿತು. ಎರಡನೆಯದು ಸಿಪ್ಪೆಯೊಳಗೇ ಜಜ್ಜಿಹೋಯಿತು. ಮೂರನೆಯದಕ್ಕೆ ಅಮ್ಮ ಅವರ ಕೈಯಿಂದ ಕಾಳು ಕಿತ್ತುಕೊಂಡು, "ಹೀಗಲ್ಲ" ಎಂದಳು. ತನ್ನ ಬೆರಳು ತೋರಿಸಿದಳು: ಮೊಳಕೆಯ ಕಡೆಯಲ್ಲಿ ಹಿಡಿಯಬೇಕು, ತುದಿ ಎದುರಿಗಿರಬೇಕು, ಒತ್ತಬಾರದು, ಜಾರಿಸಬೇಕು. ಮತ್ತೆ ತಪ್ಪಿದರು. ಮತ್ತೆ "ಹೀಗಲ್ಲ." ಐದಾರು ಸಲವಾದ ಮೇಲೆ ಹಸಿರು ಬೇಳೆ ಇಡಿಯಾಗಿ ಜಾರಿ ಪಾತ್ರೆಗೆ ಬಿತ್ತು. ಆಮೇಲೆ ಆ ಮನುಷ್ಯ ತಲೆಯೆತ್ತಲಿಲ್ಲ. ಒಂದು ಪಾತ್ರೆ ತುಂಬಿಸಿ, ಸೊಗಡು ಹತ್ತಿದ ಬೆರಳನ್ನು ಮೂಸಿನೋಡಿಕೊಂಡು, "ಮುಂದಿನ ನಿಲ್ದಾಣ?" ಎಂದರು. ಅಮ್ಮ ನಗುತ್ತಾ ಒಲೆ ತೋರಿಸಿದಳು.

ಊಟದಲ್ಲಿ ಮಾತ್ರ ಅವರ 'ಸಾಕು' ನಡೆಯಲಿಲ್ಲ. ಮೂರನೆಯ ಸಲ ಎಲೆಗೆ ಎರಡೂ ಕೈ ಅಡ್ಡ ಹಿಡಿದ ಮೇಲೆಯೇ ಅಮ್ಮ ಸೌಟು ಹಿಂತೆಗೆದದ್ದು. ಹೋಗುವಾಗ ಗೇಟಿನ ಬಳಿ ನನಗೆ ಹೇಳಿದರು: "ಇಲ್ಲಿಗೆ ಬಂದ ಮೇಲೆ ನೀನು ಮಾಡುತ್ತಿರುವುದು ತಪ್ಪು ಎಂದು ನನಗೆ ನೇರವಾಗಿ ಹೇಳಿದವರು ನಿಮ್ಮ ತಾಯಿ ಒಬ್ಬರೇ." ದೂರೋ ಹೊಗಳಿಕೆಯೋ ನೀನೇ ತೀರ್ಮಾನಿಸು. ನನಗಂತೂ ಫಿಟ್ಟರ್ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಮೂರನೆಯ ವಾರದ ಶುಕ್ರವಾರ ಯಂತ್ರ ಸಿದ್ಧವಾಯಿತು. ಗಂಟೆ ಹತ್ತು ನಲವತ್ತು. ಸಾಹೇಬರು ಗುಂಡಿ ಒತ್ತಲು ಕೈ ಚಾಚಿದ್ದರು, ಮಾಲೀಕರು ಓಡಿಬಂದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ರಾಹುಕಾಲದಲ್ಲಿ ಶುರುಮಾಡುವುದುಂಟೇ? ಸಾಹೇಬರು ತಲೆಯನ್ನು ಅತ್ತಿತ್ತ ತೂಗಿದರು, ನಮ್ಮ ಹಾಗೆಯೇ. ನನಗೆ ಭಯವಾಯಿತು, ಇದು ಯಾವ ಅರ್ಥದ ತೂಗಾಟವೋ ಎಂದು. ಅವರಿಗಿದ್ದ ಚಿಂತೆ ಬೇರೆ: ದಿನಚರಿ ವರದಿಯಲ್ಲಿ ಕೆಲಸ ನಿಂತರೆ ಕಾರಣ ಬರೆಯುವ ಕಾಲಮ್ ಇದೆ. ಏನು ಬರೆದರೋ ಎಂದು ಆಮೇಲೆ ಇಣುಕಿ ನೋಡಿದೆ. 'ಗ್ರಾಹಕರ ಕಡೆಯ ವೇಳಾಪಟ್ಟಿ' ಎಂದಿತ್ತು. ರಾಹುವಿಗೆ ಇಷ್ಟು ಮರ್ಯಾದೆಯ ಹೆಸರನ್ನು ನಮ್ಮ ಪುರೋಹಿತರೂ ಕೊಟ್ಟಿರಲಿಲ್ಲ.

ಹನ್ನೆರಡಕ್ಕೆ ಪೂಜೆ. ಯಂತ್ರಕ್ಕೆ ಅರಿಶಿನ ಕುಂಕುಮ ಇಡಲು ಹೋದಾಗ ಅವರು ಮೊದಲ ಬಾರಿಗೆ ಕನ್ನಡದಲ್ಲಿ, ಗಟ್ಟಿಯಾಗಿ, "ಹೀಗಲ್ಲ!" ಎಂದರು. ಎಲ್ಲರೂ ತಿರುಗಿ ನೋಡಿದರು. ಜಾರುಪಟ್ಟಿಯ ಮೇಲೆ ಪುಡಿ ಬೀಳಬಾರದು, ಕಾಯಿಯ ನೀರು ಚಿಮ್ಮಿದರೆ ತುಕ್ಕು. ಕುಂಕುಮವನ್ನು ಬಾಗಿಲಿಗೆ ಇಡಿ, ಕಾಯಿಯನ್ನು ಹೊರಗೆ ಒಡೆಯಿರಿ. ಫಿಟ್ಟರ್ ಒಂದು ಕ್ಷಣ ಅವರನ್ನೇ ನೋಡಿ, ಬಾಗಿಲಿಗೇ ಇಟ್ಟರು. ಯಾರಿಗೂ ಬೇಸರವಾಗಲಿಲ್ಲ. ಸಂಜೆ ಇಬ್ಬರೂ ಒಂದೇ ಕಾಫಿಯನ್ನು ಬೈಟು ಮಾಡಿ ಕುಡಿಯುತ್ತಿದ್ದುದನ್ನು ಕಂಡೆ. ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ಕೇಳಿಸಲಿಲ್ಲ.

ಮೊನ್ನೆ ರಾತ್ರಿ ದೇವನಹಳ್ಳಿಗೆ ಬಿಟ್ಟುಬಂದೆ. ಅಮ್ಮ ಫೋನಿನಲ್ಲಿ "ಇನ್ನೊಮ್ಮೆ ಬನ್ನಿ" ಎಂದದ್ದಕ್ಕೆ ಕಿಸೆಯ ಪುಸ್ತಕ ತೆಗೆದು ಯಾವ ತಿಂಗಳು ಎಂದು ಕೇಳಿದರು. ಅವಳೂ ಲೆಕ್ಕಹಾಕಿ, ಅವರೆಕಾಯಿ ಬರುವಾಗ ಎಂದಳು.

ಈಗ ನಿನಗೊಂದು ಕೆಲಸ. ಅವರ ಕೈಯಲ್ಲಿ ನಿನಗಾಗಿ ಅಮ್ಮ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಎರಡು ಸ್ಯಾಂಡಲ್ ಸೋಪು ಕಳುಹಿಸಿದ್ದಾಳೆ. ನಿನ್ನ ವಿಳಾಸ ಕೊಟ್ಟಿದ್ದೇನೆ. ಅವರು, "ಅವಸರವೇನಿಲ್ಲ, ನಿಮ್ಮ ಗೆಳೆಯರು ಈ ಕಡೆ ಬಂದಾಗ ಯಾವಾಗಲಾದರೂ ಮನೆಗೆ ಬಂದು ಒಯ್ಯಲಿ, ಊಟ ಮಾಡಿಕೊಂಡೇ ಹೋಗಲಿ" ಎಂದರು. ಇದು ಬಾ ಎಂದೋ, ಅಂಚೆಯಲ್ಲಿ ಕಳುಹಿಸುತ್ತೇನೆ ಬರಬೇಡ ಎಂದೋ? ನಾಲ್ಕು ವರ್ಷದಿಂದ ಅವರ ನಡುವೆ ಇದ್ದೀಯ, ನಿನಗೆ ತಿಳಿದಿರಬೇಕು. ಬೇಗ ಬರೆ, ಎಳ್ಳು ಕನರಾಗುತ್ತದೆ.

ನಿನ್ನ,
ಪೀಣ್ಯದ ದುಭಾಷಿ