ಜೆಲ್ ಕಟ್ಟದಿದ್ದರೆ ಮೊದಲು ಬಾಟಲಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಲ್ಯಾಬ್‌ಗಳಲ್ಲಿ ಒಂದೇ ದೂರು: ಪ್ರೋಟೀನ್ ಬೇರ್ಪಡಿಸುವ ಆಕ್ರಿಲಮೈಡ್ ಜೆಲ್ ಗಟ್ಟಿಯಾಗುತ್ತಿಲ್ಲ. ವಿದ್ಯಾರ್ಥಿಗಳು ಅಳತೆ ತಪ್ಪಿದರೆಂದು ಬೈದು, ಕೊನೆಗೆ ಪ್ರಯೋಗವನ್ನೇ ಕೈಬಿಟ್ಟು ಫೋಟೊ ತೋರಿಸಿ ರೆಕಾರ್ಡ್ ಬರೆಸುವುದು ಅನ್ಯಾಯ.

ಮೊದಲು ಅನುಮಾನಿಸಬೇಕಾದದ್ದು ಜೆಲ್ ಕಟ್ಟುವ ಕ್ರಿಯೆಗೆ ಚಾಲನೆ ಕೊಡುವ ಪುಡಿ, ಅಮೋನಿಯಂ ಪರ್‌ಸಲ್ಫೇಟನ್ನು. ತೇವ ಸೋಕಿದರೆ ಅದು ಸತ್ವ ಕಳೆದುಕೊಳ್ಳುತ್ತದೆ, ಮಲೆನಾಡಿನ ಜುಲೈ ಗಾಳಿಯಲ್ಲಿ ತೇವಕ್ಕೇನು ಬರ? ಒಳ್ಳೆಯ ಪುಡಿಗೆ ನೀರು ಬಿಟ್ಟರೆ ಸಣ್ಣಗೆ ಚಟಪಟ ಎನ್ನುತ್ತದೆ. ಸದ್ದಿಲ್ಲದೆ ಕರಗಿದರೆ ಆ ಬಾಟಲಿಯನ್ನು ನಂಬಬೇಡಿ. ಪುಡಿ ತೇವ ತಗಲದ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿರಲಿ. ಫ್ರಿಜ್‌ನಲ್ಲಿಟ್ಟಿದ್ದರೆ ಬಾಟಲಿಯ ತಣುಪು ಆರುವ ಮುನ್ನ ಮುಚ್ಚಳ ತೆಗೆಯಬೇಡಿ, ಒಳಗೇ ಹನಿ ಕಟ್ಟುತ್ತದೆ. 0.1 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 1 ಮಿ.ಲೀ. ಮಾಡಿದ ಶೇ 10ರ ದ್ರಾವಣ ಅಂದಂದಿನದೇ ಆಗಿರಬೇಕು.

ಪ್ರೋಟೀನ್ ಬೇರ್ಪಡುವ ಶೇ 12ರ ಕೆಳಜೆಲ್ 10 ಮಿ.ಲೀ. ಬೇಕಾದರೆ ನೀರು 3.3, ಶೇ 30ರ ಆಕ್ರಿಲಮೈಡ್–ಬಿಸ್ ದ್ರಾವಣ 4, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ ಬಫರ್ 2.5 ಮಿ.ಲೀ.; ಶೇ 10ರ ಎಸ್‌ಡಿಎಸ್ (ಮಾರ್ಜಕ) ಮತ್ತು ಪರ್‌ಸಲ್ಫೇಟ್ ತಲಾ 100 ಮೈಕ್ರೊಲೀಟರ್; ಕಟ್ಟಕಡೆಗೆ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಟೆಮೆಡ್ 4 ಮೈಕ್ರೊಲೀಟರ್. ಫ್ರಿಜ್‌ನಿಂದ ತೆಗೆದ ಆಕ್ರಿಲಮೈಡನ್ನು ಹಾಗೇ ಸುರಿಯುವುದು ಇನ್ನೊಂದು ತಪ್ಪು. ತಣ್ಣನೆಯ ದ್ರಾವಣದಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಅದೇ ಪಾಲಿಮರ್ ಸರಪಳಿ ಬೆಳೆಯದಂತೆ ತಡೆಯುವುದು. 23–25 ಡಿಗ್ರಿಗೆ ಬರುವವರೆಗೆ ಕಾಯಿರಿ. ಅವಸರಕ್ಕೆ ಟೆಮೆಡನ್ನು ಮೂರು ಪಟ್ಟು ಹಾಕಿದರೆ ಜೆಲ್ ಬೇಗ ಕಟ್ಟುತ್ತದೆ, ನಿಜ; ಆದರೆ ಸರಪಳಿಗಳು ಗಿಡ್ಡವಾಗಿ ಜೆಲ್ ಪೆಡಸಾಗುತ್ತದೆ, ಪ್ರೋಟೀನ್ ಪಟ್ಟಿಗಳು (ಬ್ಯಾಂಡ್‌ಗಳು) ಸೊಟ್ಟಗೆ ಓಡುತ್ತವೆ.

ಸೋರುವುದು ಬೇರೆಯೇ ಕಥೆ. ನಡುವೆ ಜೆಲ್ ಸುರಿಯುವ ಎರಡೂ ಗಾಜಿನ ಪ್ಲೇಟುಗಳ ತಳದಂಚಿನ ಮೇಲೆ ಉಗುರು ಎಳೆದು ನೋಡಿ, ಎಲ್ಲೂ ತಡೆಯಬಾರದು. ಮೊದಲು ನೀರು ತುಂಬಿ ಐದು ನಿಮಿಷ ಮಟ್ಟ ಇಳಿಯದಿದ್ದರೆ ಮಾತ್ರ ಅದನ್ನು ಚೆಲ್ಲಿ ಜೆಲ್ ಸುರಿಯಿರಿ. ಮಾದರಿ ಹಾಕುವ ಗುಂಡಿಗಳನ್ನು ಮೂಡಿಸುವ ಬಾಚಣಿಗೆಯ ಹಲ್ಲಿನಿಂದ ಒಂದು ಸೆಂ.ಮೀ. ಕೆಳಗೆ ನಿಲ್ಲಿಸಿ, ಮೇಲೆ ನೀರು ಬೆರೆಸಿದ ಬ್ಯುಟನಾಲನ್ನು ತೆಳುಪದರವಾಗಿ ಹಾಕಿದರೆ ಗಾಳಿ ಸೋಕದೆ ಮೇಲ್ಮೈ ಸಮನಾಗಿ ಕಟ್ಟುತ್ತದೆ. ಗಟ್ಟಿಯಾಗದ ಆಕ್ರಿಲಮೈಡ್ ನರಗಳಿಗೆ ವಿಷ. ಗ್ಲೌಸ್ ಕಡ್ಡಾಯ. ಉಳಿದದ್ದನ್ನು ಸಿಂಕಿಗೆ ಚೆಲ್ಲದೆ ಬೀಕರಿನಲ್ಲೇ ಗಟ್ಟಿಯಾಗಲು ಬಿಟ್ಟು, ರಾಸಾಯನಿಕ ತ್ಯಾಜ್ಯಕ್ಕೆ ಹಾಕಬೇಕು.

ಕಾಲೇಜುಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ವರ್ಷಕ್ಕೊಮ್ಮೆ ಅರ್ಧ ಕಿಲೋ ಪರ್‌ಸಲ್ಫೇಟ್ ಡಬ್ಬ ತರಿಸುವ ಬದಲು ಪ್ರತಿ ಸೆಮಿಸ್ಟರ್‌ಗೆ ಸಿಗುವ ಅತಿ ಸಣ್ಣ ಪ್ಯಾಕ್ ತರಿಸಿ, ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಸಿ, ಜೆಲ್ ಸುರಿಯುವ ಕೆಲಸವನ್ನು ವಿದ್ಯಾರ್ಥಿಗಳ ಕೈಗೇ ಕೊಡಿ.

– ಜೀವರಸಾಯನಶಾಸ್ತ್ರ ಪ್ರಯೋಗಾಲಯ ಬೋಧಕರು, ಹಾಸನ