ದಡದ ನಡಿಗೆಗೆ ನಕ್ಷೆಗಿಂತ ಮೊದಲು ಪಂಚಾಂಗ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಕಾರವಾರದಿಂದ ಕುಮಟಾದ ಕಡೆಗೆ ದಡ ಹಿಡಿದು ನಡೆಯುವ ತಂಡಗಳು ಹೆಚ್ಚುತ್ತವೆ. ಮೊಬೈಲಿನಲ್ಲಿ ಕಿಲೋಮೀಟರು ಎಣಿಸಿ, ದಿನಗಳಿಗೆ ಹಂಚಿಕೊಂಡು ಹೊರಡುವವರೇ ಬಹಳ. ಆ ಲೆಕ್ಕ ಘಟ್ಟದ ರಸ್ತೆಗೆ ಸರಿ. ದಡದಲ್ಲಿ ದಿನದ ನಡಿಗೆ ಗೊತ್ತುಮಾಡುವುದು ಭರತ-ಇಳಿತ.

ಇಳಿತದಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿದ್ದು, ಗಂಟೆಗೆ 4 ಕಿ.ಮೀ. ಸಲೀಸು. ಭರತ ಬಂದರೆ ಕಾಲು ಹೂತುಹೋಗುವ ಒಣ ಮರಳೇ ಗತಿ. ದಣಿವು ಹೆಚ್ಚುಕಡಿಮೆ ದುಪ್ಪಟ್ಟು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಹಾಗಾಗಿ ರಜೆ ಹಾಕುವ ಮುನ್ನ ತಿಥಿ ನೋಡಿ. ಗೋಕರ್ಣದ ಓಂ ಬೀಚಿನಿಂದ ದಕ್ಷಿಣಕ್ಕೆ ಭರತದ ಹೊತ್ತಿನಲ್ಲಿ ಕೆಳಗಿನ ಬಂಡೆಗಳ ಮೇಲೆ ದಾಟಲು ಹೋಗಬೇಡಿ. ಹಸಿರು ಪಾಚಿ ಹಿಡಿದ ಬಂಡೆಯ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. ಗುಡ್ಡದ ಮೇಲಿನ ಕಾಲುದಾರಿ ಸುತ್ತಾದರೂ ಅದೇ ಸರಿ.

ದಡ ಎಲ್ಲ ಕಡೆ ಒಂದೇ ಸಮನೆ ಸಿಗುವುದೂ ಇಲ್ಲ. ಕಾರವಾರದ ದಕ್ಷಿಣಕ್ಕೆ ಅರಗಾದ ನೌಕಾನೆಲೆಯ ಭಾಗದಲ್ಲಿ ದಡಕ್ಕೆ ಪ್ರವೇಶವಿಲ್ಲ, ಹೆದ್ದಾರಿಯಲ್ಲೇ ದಾಟಬೇಕು. ಅಷ್ಟು ದೂರ ಬಸ್ಸು ಹತ್ತಿದರೆ ಯಾರೂ ನಗುವುದಿಲ್ಲ. ತದಡಿಯಲ್ಲಿ ಅಘನಾಶಿನಿ ದಾಟಲು ತಾರಿ ಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹಿಂದಿನ ದಿನವೇ ಕೇಳಿಡಿ. ತಪ್ಪಿದರೆ ಮಾದನಗೇರಿ, ಮಿರ್ಜಾನ್ ಸುತ್ತಬೇಕಾಗುತ್ತದೆ.

ಇನ್ನು ಕಾಲು. ದಡ ಕಡಲಿನ ಕಡೆ ಇಳಿಜಾರು. ದಕ್ಷಿಣಕ್ಕೆ ನಡೆಯುವವರ ಬಲಗಾಲು ದಿನವಿಡೀ ತಗ್ಗಿನಲ್ಲೇ ಬೀಳುವುದರಿಂದ ಎರಡನೇ ದಿನಕ್ಕೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತವೆ. ಮಧ್ಯೆ ಮಧ್ಯೆ ಮೇಲಿನ ಸಮತಟ್ಟು ಜಾಗಕ್ಕೆ ಹತ್ತಿ ನಡೆಯಿರಿ. ಬೊಕ್ಕೆ ಏಳುವುದು ಒದ್ದೆ ಕಾಲುಚೀಲದೊಳಗಿನ ಮರಳಿನಿಂದ. ಗಂಟೆಗೊಮ್ಮೆ ಬೂಟು ಬಿಚ್ಚಿ ಕೊಡವಿ, ಒಣ ಜೋಡಿ ಬದಲಿಸಿ. ಚರ್ಮ ಉರಿಯತೊಡಗಿದ ಕೂಡಲೇ ಟೇಪು ಅಂಟಿಸಿ, ಗುಳ್ಳೆ ಬರಲಿ ಎಂದು ಕಾಯಬೇಡಿ.

ಚೀಲದ ಭಾರ ಮೈತೂಕದ ಐದನೇ ಒಂದು ಪಾಲು ಮೀರದಿರಲಿ. 60 ಕೆ.ಜಿ. ಆಳಿಗೆ ನೀರೂ ಸೇರಿ 12 ಕೆ.ಜಿ. ನೀರು ಗಂಟೆಗೆ ಅರ್ಧ ಲೀಟರಿನಂತೆ ಹಿಡಿಯಿರಿ, ಊರು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಬೆವರು ಸುರಿಯುವ ಹವೆಯಲ್ಲಿ ಬರೀ ನೀರು ಸಾಲದು, ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ಒಲೆ, ಪಾತ್ರೆ ಹೊರುವುದು ದಂಡ. ಅವಲಕ್ಕಿ, ಬೆಲ್ಲ, ಶೇಂಗಾ ಸಾಕು, ಊಟ ಊರಲ್ಲಿ ಸಿಗುತ್ತದೆ. ಕೈಲಾಗದಿದ್ದರೆ ಅಂಕೋಲಾ, ಗೋಕರ್ಣ ರೋಡ್, ಕುಮಟಾ ರೈಲು ನಿಲ್ದಾಣಗಳಿವೆ. ಯಾವ ದಿನ ಯಾವುದಕ್ಕೆ ಇಳಿಯಬಹುದೆಂದು ಮೊದಲೇ ಬರೆದು ಮನೆಯಲ್ಲೊಂದು ಪ್ರತಿ ಕೊಟ್ಟಿಡಿ.

ತಮ್ಮಲ್ಲಿ ಒಂದು ಕೋರಿಕೆ. ಭರತ-ಇಳಿತದ ವೇಳೆಯನ್ನು ಹೈದರಾಬಾದಿನ ಇನ್‌ಕಾಯಿಸ್ (ಸಾಗರ ಮಾಹಿತಿ ಸೇವಾ ಕೇಂದ್ರ) ಸಂಸ್ಥೆ ಪ್ರಕಟಿಸುತ್ತದೆ. ಜಿಲ್ಲಾ ಪುಟದಲ್ಲಿ ಸೂರ್ಯೋದಯದ ಪಕ್ಕ ಅದನ್ನೂ ಎರಡು ಸಾಲಿನಲ್ಲಿ ದಿನಾ ಕೊಟ್ಟರೆ ಚಾರಣಿಗರಿಗಷ್ಟೇ ಅಲ್ಲ, ಬಳಚು (ಚಿಪ್ಪುಮೀನು) ಹೆಕ್ಕುವವರಿಗೂ ಅನುಕೂಲ.

— ಕೆಲವು ಚಾರಣಾಸಕ್ತರು, ಕುಮಟಾ